ಚೆಕ್‌ಸಮ್ ತಾಳೆಯಾಗದ ಫೈಲನ್ನು ಅಳಿಸುವ ಮೊದಲು

ಡೌನ್‌ಲೋಡ್ ಮಾಡಿದ ಫೈಲಿನ ಚೆಕ್‌ಸಮ್ (ಫೈಲ್ ಹಾಳಾಗಿದೆಯಾ ಅಂತ ನೋಡುವ ಸಂಖ್ಯೆ) ವೆಬ್‌ಸೈಟಿನಲ್ಲಿ ಕೊಟ್ಟದ್ದಕ್ಕೆ ತಾಳೆಯಾಗದಿದ್ದರೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ, ‘ಪರವಾಗಿಲ್ಲ, ಹಾಕಿ ನೋಡುವ’ ಅಂತ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ಇಲ್ಲವೇ ನೆಟ್ಟಿಗೆ ಬೈದು, ಫೈಲ್ ಅಳಿಸಿ, ಪುನಃ ಡೌನ್‌ಲೋಡಿಗೆ ಹಾಕುತ್ತಾರೆ. ಮೊದಲನೆಯದನ್ನು ಯಾವತ್ತೂ ಮಾಡಬೇಡಿ. ಎರಡನೆಯದಕ್ಕೆ ಸ್ವಲ್ಪ ತಡೆಯಿರಿ. ತಾಳೆಯಾಗದ ಆ ಫೈಲ್ ಕೈಯಲ್ಲಿದ್ದರೆ ತಪ್ಪು ಎಲ್ಲಾಗಿದೆ ಅಂತ ಹುಡುಕಬಹುದು. ಅಳಿಸಿದರೆ ಸಾಕ್ಷಿಯೇ ಹೋಯಿತು.

ಮಲ್ಪೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಈ ಹುಡುಕಾಟವನ್ನು ಪೂರ್ತಿ ಮಾಡುವ ಅವಕಾಶ ನನಗೆ ಸಿಕ್ಕಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಶಾಲೆಯ ಲ್ಯಾಬಿನಲ್ಲಿದ್ದದ್ದೆಲ್ಲ ಹಳೆಯ ಡೆಸ್ಕ್‌ಟಾಪ್‌ಗಳು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಅವುಗಳಲ್ಲಿ ಇಲ್ಲ. ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿರುವಾಗ ಗುಜರಿಗೆ ಹಾಕುವುದು ಯಾರಿಗೂ ಇಷ್ಟ ಇರಲಿಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕುವುದು ಅಂತ ತೀರ್ಮಾನವಾಯಿತು. ಹಳೆಯ ಯಂತ್ರಗಳಿಗೆ ಹಗುರ ಆಗುತ್ತದೆ ಅಂತ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ.

ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಒಟ್ಟಿಗೆ ಇರುವ ಅದರ ಐಎಸ್‌ಒ ಫೈಲ್ 3 ಜಿಬಿಗೆ ಹತ್ತಿರ. ಆಫೀಸು ಕೋಣೆಯ ಕಂಪ್ಯೂಟರಿಗೆ ಬ್ರಾಡ್‌ಬ್ಯಾಂಡ್ ಇತ್ತು. ಕಂಪ್ಯೂಟರ್ ಟೀಚರ್ ಅದರಲ್ಲಿ ಇಳಿಸಿ ಇಟ್ಟಿದ್ದರು. ದೀಪಾವಳಿ ಕಳೆದ ಹೊತ್ತು, ಸಂಜೆಯಾದರೆ ಗುಡುಗು, ಮಿಂಚು, ಮಳೆ. ನಾನು ಹೋಗಿ ಮೊದಲು ಮಾಡಿದ ಕೆಲಸ ಚೆಕ್‌ಸಮ್ ನೋಡಿದ್ದು. ತಾಳೆಯಾಗಲಿಲ್ಲ.

‘ನಿನ್ನೆ ಗುಡುಗು ಇತ್ತಲ್ಲ ಸರ್, ನೆಟ್ ಕಟ್ ಆಗಿರಬೇಕು’ ಅಂದರು ಟೀಚರ್.

‘ಎಂತ ಮಾರ್ರೆ, ಇನ್ನೊಮ್ಮೆ ಇಳಿಸಿದರೆ ಆಯ್ತಲ್ಲ?’ ಅಂದರು ಹೆಡ್‌ಮಾಸ್ಟರ್.

ಅವರಿಬ್ಬರೂ ಹೇಳಿದ್ದರಲ್ಲಿ ತಪ್ಪೇನಿಲ್ಲ. ಎಲ್ಲರೂ ಹಾಗೇ ಯೋಚಿಸುತ್ತಾರೆ. ಆದರೂ ಮೊದಲು ಈ ಫೈಲಿಗೆ ಎಂತ ಆಗಿದೆ ಅಂತ ನೋಡೋಣ ಅಂದೆ.

ಚೆಕ್‌ಸಮ್ ಅಂದರೆ ಫೈಲಿನ ಒಂದೊಂದು ಬೈಟನ್ನೂ ಓದಿ, ಲೆಕ್ಕ ಹಾಕಿ, ಕೊನೆಗೆ ಸಿಗುವ ಒಂದು ಉದ್ದ ಸಂಖ್ಯೆ. ಈಗ ಸಾಮಾನ್ಯವಾಗಿ ಬಳಸುವುದು ಎಸ್‌ಎಚ್‌ಎ-256. ಅದರ ಉತ್ತರ ಯಾವಾಗಲೂ 64 ಅಕ್ಷರ. 0ಯಿಂದ 9 ಮತ್ತು ಎ ಯಿಂದ ಎಫ್. ಫೈಲ್ ಚಿಕ್ಕದಿರಲಿ ದೊಡ್ಡದಿರಲಿ, 64ಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಫೈಲಿನಲ್ಲಿ ಒಂದೇ ಒಂದು ಬಿಟ್ (ಬೈಟಿನ ಎಂಟನೇ ಒಂದು ಭಾಗ, ಸೊನ್ನೆ ಅಥವಾ ಒಂದು) ಬದಲಾದರೂ ಉತ್ತರದ ಸುಮಾರು ಅರ್ಧದಷ್ಟು ಬಿಟ್‌ಗಳು ಬದಲಾಗುತ್ತವೆ. ಹಾಗಾಗಿ ‘ಸ್ವಲ್ಪ ಮಾತ್ರ ವ್ಯತ್ಯಾಸ’ ಅನ್ನುವುದು ಇಲ್ಲಿ ಇಲ್ಲ. ಎಷ್ಟು ಹಾಳಾಗಿದೆ, ಎಲ್ಲಿ ಹಾಳಾಗಿದೆ ಅಂತ ಆ ಸಂಖ್ಯೆ ಹೇಳುವುದೂ ಇಲ್ಲ. ಅದನ್ನು ನಾವೇ ಹುಡುಕಬೇಕು.

ಮೊದಲು ನೋಡಬೇಕಾದದ್ದು ಸರಿಯಾದದ್ದಕ್ಕೆ ಸರಿಯಾದದ್ದನ್ನು ಹೋಲಿಸುತ್ತಿದ್ದೇವಾ ಅಂತ. ಮಿಂಟ್‌ನ ಪಟ್ಟಿಯಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಮೂರು ಆವೃತ್ತಿಗಳಿಗೂ ಒಂದೊಂದು ಸಾಲು ಇರುತ್ತದೆ. ಪಕ್ಕದ ಸಾಲಿಗೆ ಹೋಲಿಸಿದರೆ ಖಂಡಿತ ತಾಳೆಯಾಗುವುದಿಲ್ಲ. ಪಟ್ಟಿಯನ್ನೇ ಎಸ್‌ಎಚ್‌ಎ256ಸಮ್ ಕಮಾಂಡಿಗೆ ಕೊಟ್ಟು ಪರೀಕ್ಷೆ ಮಾಡಿದರೆ, ನಾವು ಇಳಿಸದ ಉಳಿದ ಎರಡು ಫೈಲುಗಳ ಎದುರೂ ‘ಫೇಲ್ಡ್’ ಅಂತ ಬರುತ್ತದೆ. ಫೈಲ್ ಇಲ್ಲ ಅಂತ ಅದರ ಅರ್ಥ, ಹಾಳಾಗಿದೆ ಅಂತ ಅಲ್ಲ. ಆ ಒಂದು ಶಬ್ದ ನೋಡಿ ಗಾಬರಿಯಾಗುವವರು ಜಾಸ್ತಿ.

ವಿಂಡೋಸ್‌ನಲ್ಲಿ ಇನ್ನೊಂದು ರಗಳೆ. ಚೆಕ್‌ಸಮ್ ತೆಗೆಯುವ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಉತ್ತರವನ್ನು ದೊಡ್ಡಕ್ಷರದಲ್ಲಿ ಕೊಡುತ್ತದೆ. ವೆಬ್‌ಸೈಟಿನಲ್ಲಿ ಸಣ್ಣಕ್ಷರ ಇರುತ್ತದೆ. ವಿಂಡೋಸ್ 7ರ ಕಾಲದ ಸರ್ಟ್‌ಯುಟಿಲ್ ಎರಡೆರಡು ಅಕ್ಷರಕ್ಕೆ ಒಂದು ಜಾಗ ಬಿಟ್ಟು ತೋರಿಸುತ್ತಿತ್ತು. ಕಣ್ಣಿಗೆ ಬೇರೆ ಕಂಡರೂ ಸಂಖ್ಯೆ ಅದೇ. ಉದ್ದ ನೋಡಿದರೂ ಒಂದು ವಿಷಯ ತಿಳಿಯುತ್ತದೆ: 32 ಅಕ್ಷರ ಇದ್ದರೆ ಎಂಡಿ5, 40 ಇದ್ದರೆ ಎಸ್‌ಎಚ್‌ಎ-1. ಅದನ್ನು 64 ಅಕ್ಷರದ್ದಕ್ಕೆ ಹೋಲಿಸುವಂತೆಯೇ ಇಲ್ಲ. ಇನ್ನೊಂದು ಗುರುತು ನೆನಪಿಟ್ಟುಕೊಳ್ಳಿ. ಎಸ್‌ಎಚ್‌ಎ-256 ಉತ್ತರ ‘ಇ3ಬಿ0ಸಿ442’ ಅಂತ ಶುರುವಾದರೆ ನಿಮ್ಮ ಫೈಲ್ ಖಾಲಿ. ಒಂದು ಬೈಟೂ ಇಲ್ಲದ ಫೈಲಿನ ಚೆಕ್‌ಸಮ್ ಹೀಗೇ ಶುರುವಾಗುತ್ತದೆ, ಯಾವ ಕಂಪ್ಯೂಟರಿನಲ್ಲಿ ನೋಡಿದರೂ.

ನಮ್ಮದರಲ್ಲಿ ಸಾಲು ಸರಿ ಇತ್ತು, ಉದ್ದ ಸರಿ ಇತ್ತು. ಮುಂದಿನದು ಗಾತ್ರ. ‘2.8 ಜಿಬಿ’ ಅಂತ ಅಂದಾಜಿನಲ್ಲಿ ನೋಡಿದರೆ ಸಾಲದು, ಬೈಟಿನ ಲೆಕ್ಕದಲ್ಲೇ ನೋಡಬೇಕು. ನೆಟ್ ನಡುವೆ ಕಡಿದಿದ್ದರೆ ಗಾತ್ರ ಕಡಿಮೆ ಇರುತ್ತದೆ. ಹೋಟೆಲು, ಕಾಲೇಜುಗಳ ವೈಫೈಯಲ್ಲಾದರೆ ಐಎಸ್‌ಒ ಬದಲು ಲಾಗಿನ್ ಪುಟವೇ ಅದೇ ಹೆಸರಿನಲ್ಲಿ ಇಳಿದಿರುವುದುಂಟು. ಆಗ ಗಾತ್ರ ಕೆಲವೇ ಕೆಬಿ. ನಮ್ಮ ಫೈಲ್ ಕೊನೆಯ ಬೈಟಿನವರೆಗೆ ಸರಿಯಾಗಿತ್ತು. ಪುಟಗಳ ಲೆಕ್ಕ ಸರಿಯಿದ್ದು ಒಳಗೆ ಎಲ್ಲೋ ಒಂದೆರಡು ಅಕ್ಷರ ಬದಲಾದ ಪುಸ್ತಕದ ಹಾಗೆ.

ಅಲ್ಲಿಗೆ ಗುಡುಗಿನ ಮೇಲಿನ ಅನುಮಾನ ಕಡಿಮೆಯಾಯಿತು. ಯಾಕೆಂದರೆ ಟೀಚರ್ ಇಳಿಸಿದ್ದು ಎಚ್‌ಟಿಟಿಪಿಎಸ್ ಕೊಂಡಿಯಿಂದ. ಅದರಲ್ಲಿ ಬರುವ ಪ್ರತಿ ತುಂಡಿಗೂ ಅದರದೇ ಪರೀಕ್ಷೆ ಉಂಟು. ದಾರಿಯಲ್ಲಿ ಒಂದು ಬಿಟ್ ಬದಲಾದರೆ ಬ್ರೌಸರ್ ಸಂಪರ್ಕವನ್ನೇ ಕಡಿದುಹಾಕುತ್ತದೆ, ಹಾಳಾದದ್ದನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ಹಳೆಯ ಎಚ್‌ಟಿಟಿಪಿ ಆದರೆ ಕೊನೆಯ ಕಾವಲು ಟಿಸಿಪಿಯ (ನೆಟ್ಟಿನಲ್ಲಿ ಡೇಟಾ ಸಾಗಿಸುವ ಪದ್ಧತಿ) 16 ಬಿಟ್ ಚೆಕ್‌ಸಮ್. ಅದರ ಕಣ್ಣು ತಪ್ಪಿಸುವುದು ಕಷ್ಟವಲ್ಲ. ಎಚ್‌ಟಿಟಿಪಿಎಸ್‌ನಲ್ಲಿ ಪೂರ್ತಿ ಗಾತ್ರದಲ್ಲಿ ಬಂದ ಫೈಲ್ ತಾಳೆಯಾಗಲಿಲ್ಲ ಅಂದರೆ ಉಳಿಯುವುದು ಮುಖ್ಯವಾಗಿ ಮೂರು: ಸರ್ವರಿನಲ್ಲಿ ಇರುವುದೇ ಬೇರೆ ಫೈಲ್, ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವಾಗ ಆದ ಕಲಸುಮೇಲೋಗರ, ಇಲ್ಲವೇ ನಮ್ಮದೇ ಕಂಪ್ಯೂಟರ್.

ಆ ಕಲಸುಮೇಲೋಗರ ಹೇಗಾಗುತ್ತದೆ ಅಂದರೆ, ಕೆಲವು ಫೈಲುಗಳು ಹೆಸರು ಬದಲಿಸದೆ ಒಳಗಿನಿಂದ ಬದಲಾಗುತ್ತಿರುತ್ತವೆ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ ಟೆಸ್ಟಿಂಗ್ ಆವೃತ್ತಿಯ ಐಎಸ್‌ಒ ಹೀಗೆ. ಹೊಸದು ತಯಾರಾದರೂ ಹೆಸರು ಅದೇ. ನಿನ್ನೆ ಅರ್ಧ ಇಳಿಸಿ ಇವತ್ತು ಮುಂದುವರಿಸಿದರೆ ಮೊದಲರ್ಧ ಹಳೆಯದು, ಉಳಿದದ್ದು ಹೊಸದು. ಮಿಂಟ್‌ನಲ್ಲಿ ಆವೃತ್ತಿಯ ಸಂಖ್ಯೆ ಹೆಸರಿನಲ್ಲೇ ಇರುವುದರಿಂದ ಆ ಭಯ ಇರಲಿಲ್ಲ. ಟೀಚರ್ ಮುಂದುವರಿಸಿಯೂ ಇರಲಿಲ್ಲ, ಒಂದೇ ಸಲಕ್ಕೆ ಇಳಿದಿತ್ತು.

ಸರ್ವರಾ, ನಮ್ಮ ಕಂಪ್ಯೂಟರಾ ಅಂತ ತಿಳಿಯಲು ಟೊರೆಂಟ್, ಅಂದರೆ ಜನ ಒಬ್ಬರಿಂದೊಬ್ಬರು ಫೈಲ್ ಹಂಚಿಕೊಳ್ಳುವ ವ್ಯವಸ್ಥೆ, ತುಂಬ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಟೊರೆಂಟ್ ಅಂದ ಕೂಡಲೇ ಕಳ್ಳ ಸಿನಿಮಾ ಅಂತ ಮುಖ ಸಿಂಡರಿಸುವವರಿದ್ದಾರೆ. ಲಿನಕ್ಸ್‌ನವರು ತಮ್ಮ ಫೈಲುಗಳನ್ನು ಅಧಿಕೃತವಾಗಿಯೇ ಟೊರೆಂಟಿನಲ್ಲಿ ಹಂಚುತ್ತಾರೆ. ಟೊರೆಂಟ್ ದೊಡ್ಡ ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ ಪ್ರತಿಯೊಂದು ತುಂಡಿಗೂ ಬೇರೆ ಚೆಕ್‌ಸಮ್ ಇಟ್ಟಿರುತ್ತದೆ. ಪೂರ್ತಿ ಫೈಲಿನ ಚೆಕ್‌ಸಮ್ ‘ಹಾಳಾಗಿದೆ’ ಅಂತ ಮಾತ್ರ ಹೇಳಿದರೆ, ಟೊರೆಂಟ್ ‘ಇಂಥ ತುಂಡು ಹಾಳಾಗಿದೆ’ ಅಂತ ತೋರಿಸುತ್ತದೆ.

ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ ನನ್ನ ಲ್ಯಾಪ್‌ಟಾಪಿಗೆ ತಂದೆ. ಅಲ್ಲಿಯೂ ಅದೇ ತಪ್ಪು ಚೆಕ್‌ಸಮ್ ಬಂತು. ಅಂದರೆ ಹಾಳಾದದ್ದು ಡಿಸ್ಕಿನ ಮೇಲೆ ಬರೆದೇ ಹೋಗಿದೆ. ಒಂದು ಪ್ರತಿ ಹಾಗೇ ಇಟ್ಟುಕೊಂಡೆ. ಇನ್ನೊಂದನ್ನು ಟೊರೆಂಟ್ ಇಳಿಸುವ ಸಾಫ್ಟ್‌ವೇರ್ ಕ್ಯೂಬಿಟ್‌ಟೊರೆಂಟ್‌ನ ಡೌನ್‌ಲೋಡ್ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿ ಇಟ್ಟೆ. ಮಿಂಟ್‌ನ ಟೊರೆಂಟ್ ಸೇರಿಸಿ ‘ಫೋರ್ಸ್ ರೀಚೆಕ್’ ಒತ್ತಿದೆ. ಅದು ಇದ್ದ ಫೈಲನ್ನೇ ತುಂಡು ತುಂಡಾಗಿ ಪರೀಕ್ಷಿಸಿ 99 ಶೇಕಡಾಕ್ಕಿಂತ ಜಾಸ್ತಿ ಸರಿ ಇದೆ ಅಂತ ತೋರಿಸಿತು. ಕೆಟ್ಟಿದ್ದ ಕೆಲವೇ ತುಂಡುಗಳನ್ನು ಇಳಿಸಿಕೊಂಡಿತು. ನಾನು ಮೊಬೈಲ್ ಹಾಟ್‌ಸ್ಪಾಟಿನಲ್ಲಿದ್ದೆ, ಖರ್ಚಾದದ್ದು ಕೆಲವು ಎಂಬಿ. ದಿನಕ್ಕೆ 2 ಜಿಬಿ ಸಿಗುವ ಪ್ಲಾನಿನಲ್ಲಿ ಪೂರ್ತಿ ಐಎಸ್‌ಒ ಇನ್ನೊಮ್ಮೆ ಇಳಿಸುವುದು ಒಂದು ದಿನದಲ್ಲಿ ಆಗುವ ಕೆಲಸವೇ ಅಲ್ಲ. ಈ ಒಂದು ಉಪಾಯ ಗೊತ್ತಿದ್ದರೆ ನಮ್ಮ ಕಡೆಯ ಎಷ್ಟೋ ಶಾಲೆಗಳ ಡೇಟಾ ಉಳಿಯುತ್ತದೆ. ಟೊರೆಂಟ್ ತಡೆಹಿಡಿದಿರುವ ಜಾಲಗಳಲ್ಲಿ ಝಡ್‌ಸಿಂಕ್ ಉಂಟು. ಇನ್ನೊಂದು ಲಿನಕ್ಸ್ ಆದ ಉಬುಂಟು ತನ್ನ ಐಎಸ್‌ಒಗಳ ಜತೆ ಝಡ್‌ಸಿಂಕ್ ಫೈಲನ್ನೂ ಇಡುತ್ತದೆ. ಅದೂ ವ್ಯತ್ಯಾಸ ಇರುವ ಭಾಗವನ್ನು ಮಾತ್ರ ತರುತ್ತದೆ.

ಈಗ ಚೆಕ್‌ಸಮ್ ತಾಳೆಯಾಯಿತು. ಸುಮಾರು ಜನ ಇಲ್ಲಿಗೇ ಬಿಡುತ್ತಾರೆ. ನನಗೆ ಬಿಡಲು ಮನಸ್ಸಾಗಲಿಲ್ಲ. ಒಳ್ಳೆಯ ಫೈಲ್, ಹಾಳಾದ ಫೈಲ್ ಎರಡೂ ಕೈಯಲ್ಲಿವೆ. ಅವೆರಡರ ನಡುವೆ ಏನು ವ್ಯತ್ಯಾಸ ಅಂತ ನೋಡಿದರೆ ಅಪರಾಧಿ ಯಾರು ಅಂತ ಗೊತ್ತಾಗುತ್ತದೆ.

ಲಿನಕ್ಸ್‌ನಲ್ಲಿ ಸಿಎಂಪಿ ಅಂತ ಒಂದು ಸಣ್ಣ ಕಮಾಂಡ್ ಉಂಟು. ಎಲ್ ಅಕ್ಷರದ ಆಯ್ಕೆ ಕೊಟ್ಟು ಎರಡು ಫೈಲುಗಳ ಹೆಸರು ಬರೆದರೆ, ಬೇರೆಯಾಗಿರುವ ಪ್ರತಿ ಬೈಟಿಗೆ ಒಂದು ಸಾಲು ತೋರಿಸುತ್ತದೆ. ಮೊದಲು ಎಷ್ಟನೆಯ ಬೈಟ್ ಅನ್ನುವುದು, ಆಮೇಲೆ ಮೊದಲ ಫೈಲಿನಲ್ಲಿ ಏನಿದೆ, ಎರಡನೆಯದರಲ್ಲಿ ಏನಿದೆ ಅನ್ನುವುದು. ಬೈಟಿನ ಬೆಲೆ ಆಕ್ಟಲ್‌ನಲ್ಲಿ, ಅಂದರೆ ಎಂಟರ ಲೆಕ್ಕದಲ್ಲಿ ಇರುತ್ತದೆ. 3 ಜಿಬಿ ಫೈಲಿನಲ್ಲಿ ಬಂದದ್ದು ಬೆರಳೆಣಿಕೆಯ ಸಾಲುಗಳು. ಒಂದರಲ್ಲಿ 103 ಇದ್ದದ್ದು 113 ಆಗಿತ್ತು. ಇನ್ನೊಂದರಲ್ಲಿ 264 ಇದ್ದದ್ದು 274. ಮತ್ತೊಂದರಲ್ಲಿ 42 ಇದ್ದದ್ದು 52.

ಟೀಚರನ್ನು ಕರೆದು ತೋರಿಸಿದೆ. ಅವರು ಗಣಿತದವರು. ಒಂದು ಕ್ಷಣ ನೋಡಿ, ‘ಎಲ್ಲದರಲ್ಲೂ ಹತ್ತೇ ಜಾಸ್ತಿ ಆಗಿದೆಯಲ್ಲ ಸರ್’ ಅಂದರು.

ಆಕ್ಟಲ್‌ನ ಹತ್ತು ಅಂದರೆ ನಮ್ಮ ಎಂಟು. ಅಂದರೆ ಒಂದು ಬಿಟ್. ಎಲ್ಲ ಸಾಲಿನಲ್ಲೂ ಅದೇ ಬಿಟ್, ಸೊನ್ನೆ ಇರಬೇಕಾದಲ್ಲಿ ಒಂದು ಆಗಿದೆ. ಬೈಟಿನ ಸ್ಥಾನದ ಸಂಖ್ಯೆಗಳನ್ನು ಎಂಟರಿಂದ ಭಾಗಿಸಿ ನೋಡಿ ಅಂದೆ. ಅವರು ಕಾಗದದ ಮೇಲೆ ಮಾಡಿದರು. ಎಲ್ಲದಕ್ಕೂ ಅದದೇ ಶೇಷ ಬಂತು. ರ‍್ಯಾಮ್ ಒಂದು ಸಲಕ್ಕೆ 64 ಬಿಟ್, ಅಂದರೆ ಎಂಟು ಬೈಟ್ ಅಗಲದಲ್ಲಿ ಕೆಲಸ ಮಾಡುತ್ತದೆ. ಆ ಎಂಟು ಬೈಟುಗಳಲ್ಲಿ ಯಾವಾಗಲೂ ಅದೇ ಬೈಟು, ಆ ಬೈಟಿನಲ್ಲಿ ಯಾವಾಗಲೂ ಅದೇ ಬಿಟ್. ನೆಟ್ ಹಾಳಾದರೆ ಹೀಗೆ ಆಗುವುದಿಲ್ಲ. ಡಿಸ್ಕ್ ಹಾಳಾದರೆ ಸಾಮಾನ್ಯವಾಗಿ 512 ಅಥವಾ 4096 ಬೈಟಿನ ಒಂದಿಡೀ ಸೆಕ್ಟರ್ ಹೋಗುತ್ತದೆ, ಇಲ್ಲವೇ ಓದುವಾಗಲೇ ಎರರ್ ಬರುತ್ತದೆ. ಬೇಕಂತಲೇ ಯಾರಾದರೂ ಫೈಲನ್ನು ತಿದ್ದಿದ್ದರೂ ಹೀಗೆ ಕಾಣುವುದಿಲ್ಲ. ಇದು ರ‍್ಯಾಮ್‌ನ ಗುರುತು. ಡೌನ್‌ಲೋಡ್ ಆದ ಫೈಲ್ ಎಚ್‌ಟಿಟಿಪಿಎಸ್ ಪರೀಕ್ಷೆ ದಾಟಿ, ಡಿಸ್ಕಿಗೆ ಹೋಗುವ ಮುಂಚೆ ರ‍್ಯಾಮ್‌ನಲ್ಲಿ ಕೂತಿರುತ್ತದಲ್ಲ, ಆ ಹೊತ್ತಿನಲ್ಲಿ ಆದದ್ದು.

ಖಾತ್ರಿ ಮಾಡಿಕೊಳ್ಳಲು ಸರಿಯಾದ ಐಎಸ್‌ಒವನ್ನು ಆಫೀಸು ಕಂಪ್ಯೂಟರಿಗೆ ಹಾಕಿ, ಪ್ರತಿ ಸಲ ರೀಸ್ಟಾರ್ಟ್ ಮಾಡಿ ಚೆಕ್‌ಸಮ್ ತೆಗೆದೆವು. ರೀಸ್ಟಾರ್ಟ್ ಯಾಕೆಂದರೆ, ಒಮ್ಮೆ ಓದಿದ ಫೈಲನ್ನು ಸಿಸ್ಟಮ್ ರ‍್ಯಾಮ್‌ನಲ್ಲೇ ಇಟ್ಟುಕೊಂಡಿರುತ್ತದೆ. ಎರಡನೆಯ ಸಲ ಡಿಸ್ಕನ್ನು ಮುಟ್ಟದೆ ಅಲ್ಲಿಂದಲೇ ಓದಿ ಹಳೆಯ ಉತ್ತರವನ್ನೇ ಕೊಡಬಹುದು. ಒಮ್ಮೆ ಸರಿ ಬಂತು, ಒಮ್ಮೆ ತಪ್ಪು ಬಂತು, ಪುನಃ ಸರಿ ಬಂತು. ಅದೇ ಫೈಲ್, ಬೇರೆ ಬೇರೆ ಉತ್ತರ. ಹೀಗಾದರೆ ಫೈಲನ್ನು ಬಿಟ್ಟು ಯಂತ್ರವನ್ನು ನೋಡಬೇಕು.

ಮೆಮರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವಿಗೆ ಹಾಕಿ ಆ ಕಂಪ್ಯೂಟರನ್ನು ಅದರಿಂದ ಬೂಟ್ ಮಾಡಿದೆವು. ಸ್ವಲ್ಪ ಹೊತ್ತಿನಲ್ಲೇ ಕೆಂಪು ಸಾಲುಗಳು ಬರತೊಡಗಿದವು. ಸಮುದ್ರದ ಉಪ್ಪು ಗಾಳಿಗೆ ನಮ್ಮ ಕಡೆ ಕಾಂಟ್ಯಾಕ್ಟುಗಳು ಬೇಗ ಮಸುಕಾಗುತ್ತವೆ. ಅದಕ್ಕೆ ರ‍್ಯಾಮ್ ತೆಗೆದು, ಪೆನ್ಸಿಲ್ ರಬ್ಬರಿನಿಂದ ಹಿತ್ತಾಳೆ ಬಣ್ಣದ ಆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದೆವು. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಈ ಸಲ ಆಗಲಿಲ್ಲ. ಎರಡು ಸ್ಟಿಕ್‌ಗಳಿದ್ದವು, ಒಂದೊಂದನ್ನೇ ಹಾಕಿ ಪರೀಕ್ಷಿಸಿದಾಗ ಒಂದು ಸ್ಟಿಕ್ ಯಾವ ಸ್ಲಾಟಿನಲ್ಲಿದ್ದರೂ ಎರರ್ ಕೊಟ್ಟಿತು. ಅದನ್ನು ತೆಗೆದಿಟ್ಟೆವು. ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಪರಿಚಯದ ಅಣ್ಣ ಒಬ್ಬರು ಹಳೆಯದೊಂದು ಸ್ಟಿಕ್ ಕೊಟ್ಟರು. ಅದನ್ನೂ ರಾತ್ರಿ ಪೂರ್ತಿ ಮೆಮ್‌ಟೆಸ್ಟಿಗೆ ಹಾಕಿ, ಒಂದೂ ಎರರ್ ಇಲ್ಲ ಅಂತ ನೋಡಿದ ಮೇಲೆಯೇ ಬಳಸಿದ್ದು.

ಪೆನ್‌ಡ್ರೈವಿಗೆ ಬರೆದ ಮೇಲೂ ಒಮ್ಮೆ ಪರೀಕ್ಷೆ ಮಾಡಬೇಕು. ಇಲ್ಲಿ ಟೀಚರಿಗೆ ಮತ್ತೆ ತಾಳೆಯಾಗಲಿಲ್ಲ. ಕಾರಣ ಸರಳ: ಪೆನ್‌ಡ್ರೈವ್ 16 ಜಿಬಿ, ಐಎಸ್‌ಒ 3 ಜಿಬಿ. ಇಡೀ ಡ್ರೈವಿನ ಚೆಕ್‌ಸಮ್ ತೆಗೆದರೆ ಉಳಿದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಐಎಸ್‌ಒ ಎಷ್ಟು ಬೈಟ್ ಇದೆಯೋ ಅಷ್ಟನ್ನೇ ಹೆಡ್ ಕಮಾಂಡಿನಿಂದ ಓದಿ ಎಸ್‌ಎಚ್‌ಎ256ಸಮ್‌ಗೆ ಕೊಡಬೇಕು. ಡ್ರೈವನ್ನು ಒಮ್ಮೆ ತೆಗೆದು ಮತ್ತೆ ಚುಚ್ಚಿದ ಮೇಲೆ ಓದಬೇಕು. ಹಾಗೆ ಮಾಡಿದಾಗ ಸರಿ ಬಂತು. ಅಂದ ಹಾಗೆ, ಐಎಸ್‌ಒವನ್ನು ಸುಮ್ನೆ ಫೈಲಾಗಿ ಪೆನ್‌ಡ್ರೈವಿನಲ್ಲಿ ಒಯ್ಯುವವರು ನೆನಪಿಡಿ: ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಚೆಕ್‌ಸಮ್ ತಾಳೆಯಾದರೆ ಫೈಲ್ ಹಾಳಾಗಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಅದು ನಂಬಬಹುದಾದವರಿಂದಲೇ ಬಂದದ್ದಾ ಅನ್ನುವುದು ಬೇರೆ ಪ್ರಶ್ನೆ. 2016ರ ಫೆಬ್ರವರಿ 20ರಂದು ಇದೇ ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೆ ಕಳ್ಳರು ನುಗ್ಗಿದ್ದರು. 17.3 ಸಿನಮನ್‌ನ ಡೌನ್‌ಲೋಡ್ ಕೊಂಡಿಯನ್ನು, ಹಿಂಬಾಗಿಲು ಇಟ್ಟ ಬೇರೆ ಐಎಸ್‌ಒಗೆ ತಿರುಗಿಸಿದ್ದರು. ಪುಟವನ್ನೇ ಬದಲಿಸಬಲ್ಲವರಿಗೆ ಅದರಲ್ಲಿರುವ ಚೆಕ್‌ಸಮ್ ಬದಲಿಸುವುದು ಕಷ್ಟವಲ್ಲ. ಅದಕ್ಕೇ ಚೆಕ್‌ಸಮ್ ಪಟ್ಟಿಗೆ ಜಿಪಿಜಿ ಸಹಿ, ಅಂದರೆ ಪಟ್ಟಿ ಮಿಂಟ್‌ನವರದ್ದೇ ಅಂತ ತೋರಿಸುವ ಡಿಜಿಟಲ್ ಸಹಿ, ಇರುತ್ತದೆ. ಪಟ್ಟಿ, ಸಹಿಯ ಫೈಲ್ ಎರಡನ್ನೂ ಇಳಿಸಿ ಪರೀಕ್ಷಿಸಿದರೆ ‘ಗುಡ್ ಸಿಗ್ನೇಚರ್’ ಅಂತ ಬರಬೇಕು. ಜತೆಗೆ, ಸಹಿ ಪರೀಕ್ಷಿಸಲು ಬಳಸಿದ ಈ ಕೀ ನಂಬಿಕೆಯದ್ದು ಅಂತ ಯಾರೂ ಸಹಿ ಮಾಡಿಲ್ಲ ಅನ್ನುವ ಎಚ್ಚರಿಕೆಯೂ ಬರುತ್ತದೆ. ಆ ಎಚ್ಚರಿಕೆಗೆ ಹೆದರಬೇಕಾಗಿಲ್ಲ, ಆದರೆ ಕೀಯ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಸಂಖ್ಯೆ) ಮಿಂಟ್‌ನವರು ಪ್ರಕಟಿಸಿದ್ದಕ್ಕೆ ಪೂರ್ತಿ ಹೊಂದುತ್ತದಾ ಅಂತ ಬೇರೆ ಕಡೆಯಿಂದ ನೋಡಿಕೊಳ್ಳಬೇಕು. ‘ಬ್ಯಾಡ್ ಸಿಗ್ನೇಚರ್’ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಮಕ್ಕಳು ಕೂರುವ ಕಂಪ್ಯೂಟರಿಗೆ ಪರೀಕ್ಷೆ ಆಗದ ಫೈಲ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಳಾದ ಐಎಸ್‌ಒ ಕೆಲವೊಮ್ಮೆ ಇನ್‌ಸ್ಟಾಲ್ ಆಗುವಾಗಲೇ ಎರರ್ ಕೊಟ್ಟು ನಿಲ್ಲುತ್ತದೆ. ಅದು ಒಳ್ಳೆಯದೇ. ಕೆಟ್ಟದ್ದು ಎಂದರೆ ಇನ್‌ಸ್ಟಾಲ್ ಆಗಿಬಿಡುವುದು. ಆಮೇಲೆ ಯಾವುದೋ ಒಂದು ಸಾಫ್ಟ್‌ವೇರ್ ಕಾರಣವಿಲ್ಲದೆ ಮುಚ್ಚಿಕೊಳ್ಳುತ್ತದೆ, ಮಕ್ಕಳು ತಾವೇ ಏನೋ ಒತ್ತಿ ಹಾಳು ಮಾಡಿದೆವು ಅಂತ ಹೆದರುತ್ತಾರೆ.

ಲ್ಯಾಬಿನ ಕೆಲಸ ಮುಗಿದ ಮೇಲೂ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಆ ಕೆಟ್ಟ ರ‍್ಯಾಮ್ ಐಎಸ್‌ಒವನ್ನು ಮಾತ್ರ ಹಾಳು ಮಾಡಿರಲಿಕ್ಕಿಲ್ಲ. ಅದೇ ಕಂಪ್ಯೂಟರಿನಲ್ಲಿ ಶಾಲೆಯ ಹಳೆಯ ದಾಖಲಾತಿ ರಿಜಿಸ್ಟರಿನ ಸ್ಕ್ಯಾನ್ ಪ್ರತಿಗಳಿದ್ದವು. ಹೆಡ್‌ಮಾಸ್ಟರಿಗೆ ಹೇಳಿದಾಗ ಅವರ ಮುಖದಲ್ಲಿ ಮೊದಲ ಸಲ ಗಾಬರಿ ಕಂಡಿತು. ‘ಅದು ಹೋದರೆ ಆಗುದಿಲ್ಲ ಮಾರ್ರೆ, ಟೀಸಿ ಕೇಳಿಕೊಂಡು ಈಗಲೂ ಜನ ಬರ್ತಾರೆ’ ಅಂದರು.

ಸ್ಕ್ಯಾನ್ ಮಾಡಿದ್ದು ಟೀಚರ ಲ್ಯಾಪ್‌ಟಾಪಿನಲ್ಲಿ. ಅದರಲ್ಲಿ ಹೆಚ್ಚಿನ ಮೂಲ ಫೈಲುಗಳು ಉಳಿದಿದ್ದವು. ಅಲ್ಲಿ ಎಲ್ಲದರ ಚೆಕ್‌ಸಮ್ ಪಟ್ಟಿ ಮಾಡಿ, ಅದನ್ನು ಆಫೀಸು ಕಂಪ್ಯೂಟರಿಗೆ ತಂದು ಒಂದೇ ಕಮಾಂಡಿನಲ್ಲಿ ತಾಳೆ ನೋಡಿದೆವು. ಕೆಲವು ತಾಳೆಯಾಗಲಿಲ್ಲ. ಅವುಗಳನ್ನು ಲ್ಯಾಪ್‌ಟಾಪಿನಿಂದ ಮತ್ತೆ ನಕಲು ಮಾಡಿ, ಮತ್ತೆ ಪರೀಕ್ಷಿಸಿದೆವು. ಆದರೆ ಜಾಗ ಸಾಲದೆ ಲ್ಯಾಪ್‌ಟಾಪಿನಿಂದ ಅಳಿಸಿದ್ದ ಒಂದಷ್ಟು ಸ್ಕ್ಯಾನುಗಳಿದ್ದವು. ಅವುಗಳಿಗೆ ಹೋಲಿಸಲು ಯಾವ ಸಂಖ್ಯೆಯೂ ಇರಲಿಲ್ಲ. ಒಂದೊಂದನ್ನೇ ತೆರೆದು ಕಣ್ಣಿನಿಂದಲೇ ನೋಡಬೇಕಾಯಿತು. ಕೆಲವು ಪುಟಗಳಲ್ಲಿ ಅರ್ಧದಿಂದ ಕೆಳಗೆ ಬಣ್ಣ ಕಲಸಿಹೋಗಿತ್ತು. ಟೀಚರ್ ಕಪಾಟಿನಿಂದ ರಿಜಿಸ್ಟರ್ ಇಳಿಸಿ ಆ ಪುಟಗಳನ್ನು ಪುನಃ ಸ್ಕ್ಯಾನ್ ಮಾಡಿದರು. ಈ ಸಲ ಚೆಕ್‌ಸಮ್ ಪಟ್ಟಿಯನ್ನೂ ಅದೇ ಫೋಲ್ಡರಿನಲ್ಲಿ ಇಟ್ಟರು, ಅದರ ಒಂದು ಪ್ರಿಂಟನ್ನು ರಿಜಿಸ್ಟರಿನ ಒಳಗೆ.